ಅವ್ವನ ಪಾದವನ್ನು ಓದಿದವರು

ಅವ್ವನ ಪಾದದಲ್ಲಿ ಎದ್ದ ಗಂಟಿಗೆ ಆಣಿ ಎಂದು ಮೊದಲು ಹೆಸರಿಟ್ಟವಳು ನಾನೇ. ಅರಸೀಕೆರೆಯ ಔಷಧಿ ಅಂಗಡಿಯಿಂದ ಆಣಿ ಪ್ಲಾಸ್ಟರ್ ತಂದು, ಅವಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಅಂಟಿಸಿದವಳೂ ನಾನೇ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ.

ನನ್ನ ಹೆಸರು ಯಶೋಧರಾ. ಅರಸೀಕೆರೆ ರೈಲ್ವೆ ಸ್ಟೇಷನ್ನಿನ ಟಿಕೆಟ್ ಕೌಂಟರಿನಲ್ಲಿ ಕೆಲಸ. ಊರು ಹಳೇಬೀಡಿನ ಹತ್ತಿರದ ಮಾದಿಹಳ್ಳಿ. ಅಪ್ಪ ಮರಿಯಣ್ಣ ಲೈನ್‌ಮನ್ ಆಗಿದ್ದು ನಿವೃತ್ತರಾದವರು. ಅವ್ವ ಸಣ್ಣತಾಯಮ್ಮ ಊರಿನ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಾಳೆ. ಬಿಸಿಯೂಟ ಶುರುವಾದ ವರ್ಷವೇ ಸೌಟು ಹಿಡಿದವಳು. ತನ್ನ ಸಾರಿನಲ್ಲಿರುವ ತರಕಾರಿಯನ್ನು ಯಾವ ಮಗುವೂ ಹೆಕ್ಕಿ ತಟ್ಟೆಯ ಅಂಚಿಗೆ ಸರಿಸುವುದಿಲ್ಲ ಎಂಬುದು ಅವಳ ದೊಡ್ಡ ಹೆಮ್ಮೆ.

ಎಡಗಾಲಿನ ಒಳಮಗ್ಗುಲಲ್ಲಿ, ಹರಡಿನ ಮೂಳೆಯಿಂದ ಎರಡು ಬೆರಳು ಕೆಳಗೆ, ಬಟಾಣಿಯಷ್ಟು ದೊಡ್ಡ ಗುಳ್ಳೆಯೊಂದು ಅವಳಿಗೆ ಏಳೆಂಟು ವರ್ಷದಿಂದ ಇತ್ತು. ನೋವಿಲ್ಲ, ತುರಿಕೆಯಿಲ್ಲ. ಕೊರೋನಾ ಮುಗಿದು ಶಾಲೆ ಮತ್ತೆ ತೆರೆದ ಮೇಲೆ ಅದು ಬೆಳೆಯತೊಡಗಿತು. ಕೆಂಪಾಯಿತು, ತಾಗಿದರೆ ರಕ್ತ ಒಸರುವಂತಾಯಿತು. ನನ್ನ ಪ್ಲಾಸ್ಟರಿನಿಂದ ಏನೂ ಆಗಲಿಲ್ಲ. ಅವ್ವ ತನಗೆ ತಿಳಿದಂತೆ ಎಕ್ಕದ ಹಾಲು ಹಚ್ಚಿದಳು, ಸುತ್ತಲಿನ ಚರ್ಮ ಸುಟ್ಟಿತು. ಆಮೇಲೆ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಮರಗಟ್ಟಿಸಿ ಕತ್ತರಿಸಿ ತೆಗೆದರು. ಪೀಡೆ ತೊಲಗಿತು ಅಂದುಕೊಂಡೆವು. ಮೂರೇ ತಿಂಗಳಿಗೆ ಅದೇ ಜಾಗದಲ್ಲಿ, ಈ ಸಲ ದೊಡ್ಡ ನೆಲ್ಲಿಕಾಯಿಯಷ್ಟು, ಮತ್ತೆ ಎದ್ದಿತು.

ಅವ್ವ ಅದನ್ನು ನನಗೆ ಹೇಳಲಿಲ್ಲ. ಹೇಳಿದ್ದು ಅವಳ ಜೊತೆ ಅಡುಗೆ ಮಾಡುವ ವಿಶಾಲಮ್ಮ. ಒಂದು ಮಧ್ಯಾಹ್ನ ನಾನು ಕೌಂಟರಿನಲ್ಲಿದ್ದಾಗ ಫೋನ್ ಬಂತು.

"ಯಶೋಧಾ, ನಿಮ್ಮವ್ವ ಹೇಳಾಕಿಲ್ಲ, ಅದ್ಕೇ ನಾನೇ ಹೇಳ್ತಿದೀನಿ. ಅಡುಗೆಮನೆ ತೊಳೆದ ಮ್ಯಾಲೆ ಅವಳು ನಡೆದ್ರೆ ಒಂದು ಹೆಜ್ಜೆ ಬುಟ್ಟು ಒಂದು ಹೆಜ್ಜೆ ಕೆಂಪಗೆ ಮೂಡ್ತದೆ ಕಣವ್ವ. ನಂಗೆ ನೋಡಾಕಾಗಾಕಿಲ್ಲ."

ಮಾರನೆಯ ದಿನವೇ ರಜೆ ಹಾಕಿ ಜಾವಗಲ್ ಮಾರ್ಗದ ಬಸ್ಸು ಹತ್ತಿದೆ. ಅವ್ವನನ್ನು ಹೊರಡಿಸುವುದು ಸುಲಭವಾಗಲಿಲ್ಲ. "ಮಕ್ಕಳಿಗೆ ಪರೀಕ್ಷೆ ಐತೆ, ಮುಗೀಲಿ" ಅಂದಳು. "ಪರೀಕ್ಷೆ ಬರೆಯೋದು ನೀನಾ?" ಎಂದು ಅಪ್ಪ ಗದರಿದರು. ಅಪ್ಪ ಗದರುವುದು ಅಪರೂಪ. ಅವ್ವ ಚಪ್ಪಲಿ ಮೆಟ್ಟಿದಳು.

ಅರಸೀಕೆರೆಯಲ್ಲಿ ಚರ್ಮರೋಗದ ಡಾಕ್ಟರು ಲಕ್ಷ್ಮೀಶ ಅವರ ಬಳಿ ಕರೆದುಕೊಂಡು ಹೋದೆ. ಅವರು ಸ್ಟೂಲು ಎಳೆದುಕೊಂಡು ಕೂತು ಅವ್ವನ ಪಾದವನ್ನು ತಮ್ಮ ಮಂಡಿಯ ಮೇಲಿಟ್ಟುಕೊಂಡರು. ಅವ್ವ ನಾಚಿಕೆಯಿಂದ ಕಾಲು ಹಿಂದಕ್ಕೆಳೆದರೂ ಬಿಡಲಿಲ್ಲ. ಭೂತಗನ್ನಡಿ ಹಿಡಿದು ತುಂಬ ಹೊತ್ತು ನೋಡಿದರು.

"ಇದನ್ನ ಆಣಿ ಅಂತ ಯಾರು ಹೇಳಿದ್ದು?"

"ನಾನೇ. ಪ್ಲಾಸ್ಟರೂ ಹಚ್ಚಿದ್ದೆ" ಅಂದೆ.

"ತಪ್ಪು ತಿಳ್ಕೋಬೇಡಿ, ಎಲ್ಲರೂ ಹಾಗೇ ಅಂದ್ಕೋತಾರೆ. ಆದ್ರೆ ಆಣಿ ಆಗೋದು ಭಾರ ಬೀಳೋ ಕಡೆ, ಚಪ್ಪಲಿ ಉಜ್ಜೋ ಕಡೆ. ಇಲ್ಲಿ ಭಾರಾನೂ ಇಲ್ಲ, ಉಜ್ಜೋದೂ ಇಲ್ಲ. ಮೊದಲ ಸಲ ಕತ್ತರಿಸಿದಾಗ ಆ ತುಂಡನ್ನ ಲ್ಯಾಬಿಗೆ ಕಳಿಸಿದ್ರಾ?"

"ಏನೋಪ್ಪ, ತಟ್ಟೇಗೆ ಹಾಕಿದ್ರು. ಆಮೇಲೆ ಎಲ್ಲಿಗೋಯ್ತೋ" ಅಂದಳು ಅವ್ವ.

ಡಾಕ್ಟರು ಯಾರನ್ನೂ ಬೈಯಲಿಲ್ಲ. ನರ್ಸನ್ನು ಜೊತೆಗಿಟ್ಟುಕೊಂಡು ಅವ್ವನ ತೊಡೆಸಂದಿಯನ್ನೂ ಮುಟ್ಟಿ ನೋಡಿದರು. ಅಲ್ಲಿ ಸಣ್ಣದೊಂದು ಗಂಟು ಸಿಕ್ಕಂತಿದೆ, ಕಾಲಿನ ಗಾಯಕ್ಕೆ ಸೋಂಕಾಗಿದ್ದರೂ ಹೀಗೆ ಊದಿಕೊಳ್ಳುವುದುಂಟು, ಸದ್ಯಕ್ಕೆ ಗಾಬರಿ ಬೇಡ ಅಂದರು. ಪಾದದ ಗಂಟಿನಿಂದ ಚೂರು ಚರ್ಮ ತೆಗೆದು ಪುಟ್ಟ ಸೀಸೆಯಲ್ಲಿ ಹಾಕಿ, ಹಾಸನದ ಲ್ಯಾಬಿಗೆ ಕಳಿಸಿದರು.

ವಾರ ಕಳೆದರೂ ರಿಪೋರ್ಟು ಬರಲಿಲ್ಲ. ಕೇಳಿದರೆ, "ಅಲ್ಲಿನ ಡಾಕ್ಟರಿಗೆ ಇನ್ನೂ ಸಮಾಧಾನ ಆಗಿಲ್ಲವಂತೆ. ಬೇರೆ ಬಣ್ಣ ಹಾಕಿ ಮತ್ತೆ ನೋಡ್ತಾರೆ. ತೊಡೆಸಂದಿಯ ಗಂಟನ್ನೂ ಸೂಜಿಯಲ್ಲಿ ತೆಗೆದು ಕಳಿಸಿ ಅಂತ ಅವರೇ ಫೋನ್ ಮಾಡಿ ಹೇಳಿದಾರೆ" ಅಂದರು ಲಕ್ಷ್ಮೀಶ. ನನಗೆ ಸಿಟ್ಟೇ ಬಂತು. ಒಂದು ಚೂರು ಚರ್ಮ ನೋಡಲು ಇಷ್ಟು ದಿನ ಬೇಕೇ ಎಂದು ಸಹೋದ್ಯೋಗಿಗಳೆದುರು ಕೂಗಾಡಿದೆ. ಆ ತಡವೇ ಅವ್ವನನ್ನು ಕಾಪಾಡುತ್ತಿದೆ ಎಂಬುದು ನನಗೆ ಆಗ ಹೇಗೆ ಗೊತ್ತಾಗಬೇಕು?

ತೊಡೆಸಂದಿಯದನ್ನೂ ಸೂಜಿಯಲ್ಲಿ ತೆಗೆದು ಕಳಿಸಿದ್ದಾಯಿತು. ಹದಿನೈದನೆಯ ದಿನ ಲಕ್ಷ್ಮೀಶ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು. ಚರ್ಮದಲ್ಲಿ ಬೆವರಿನ ಗ್ರಂಥಿಗಳಿರುತ್ತವೆ. ಆ ಬೆವರು ಹೊರಗೆ ಬರುವ ಸಣ್ಣ ಕೊಳವೆಯಲ್ಲಿ ಹುಟ್ಟುವ ಕ್ಯಾನ್ಸರ್ ಇದು. ಪೋರೋಕಾರ್ಸಿನೋಮ ಎನ್ನುತ್ತಾರೆ. ಬಹಳ ಅಪರೂಪ. ಹದಿನೇಳು ವರ್ಷದಲ್ಲಿ ಅವರು ಕಂಡಿರುವುದು ಇದು ಎರಡನೆಯದು. ತೊಡೆಸಂದಿಯ ಗಂಟಿಗೂ ಅದು ಹೋಗಿದೆ.

ಅವ್ವ ಮುಂದಕ್ಕೆ ಬಾಗಿ ಕೇಳಿದಳು.

"ಬೆವರಿಗೂ ಕ್ಯಾನ್ಸರ್ ಬತ್ತದಾ ಡಾಕ್ಟ್ರೇ?"

"ಬೆವರಿಗಲ್ಲಮ್ಮ, ಬೆವರಿನ ಕೊಳವೆಗೆ."

"ನಾನು ಇಷ್ಟು ವರ್ಷ ಒಲೆ ಮುಂದೆ ನಿಂತು ಬೆವರಿದ್ದಕ್ಕಾ?"

"ಅಲ್ಲ. ಎಲ್ಲರೂ ಬೆವರ್ತಾರೆ."

"ಎಕ್ಕದ ಹಾಲು ಹಚ್ಚಿದ್ದಕ್ಕಾ?"

"ಅದರಿಂದ ಗಾಯ ಆಯ್ತು, ಕ್ಯಾನ್ಸರ್ ಆಗಲಿಲ್ಲ. ನೋಡಿಯಮ್ಮ, ನೀವು ಮಾಡಿದ ಯಾವುದರಿಂದಲೂ ಇದು ಬಂದಿಲ್ಲ. ನಿಮ್ಮ ಮಗಳು ಹಚ್ಚಿದ ಪ್ಲಾಸ್ಟರಿನಿಂದಲೂ ಅಲ್ಲ."

ಕೊನೆಯ ಮಾತನ್ನು ಅವರು ನನ್ನ ಕಡೆ ನೋಡಿ ಹೇಳಿದರು. ಆ ಮನುಷ್ಯನ ಋಣವನ್ನು ಎಲ್ಲಿಂದ ಲೆಕ್ಕ ಹಾಕಲಿ ಎಂದು ಯೋಚಿಸಿದಾಗೆಲ್ಲ ನನಗೆ ಮೊದಲು ನೆನಪಾಗುವುದು ಆ ಒಂದು ವಾಕ್ಯ.

ಊರಿಗೆ ಹೋಗುವ ಬಸ್ಸಿನಲ್ಲಿ ಅವ್ವ ರಿಪೋರ್ಟಿನ ಕವರನ್ನು ಮಡಿಲಲ್ಲಿಟ್ಟುಕೊಂಡಿದ್ದಳು. ಬಾಣಾವರ ದಾಟಿದ ಮೇಲೆ ಕೇಳಿದಳು: "ಎರಡೆರಡು ಸಲ ನೋಡಿದ್ರಂತಲ್ಲ, ಅವರ ಹೆಸರೇನು?"

ಹಾಳೆಯ ಕೆಳಗೆ ಇದ್ದ ಸಹಿಯನ್ನು ಓದಿ ಹೇಳಿದೆ. "ಡಾಕ್ಟರ್ ಸೌಂದರ್ಯ."

"ಹೆಂಗಸಾ? ನನ್ನ ಮಖಾನೂ ಕಂಡಿಲ್ಲ, ನನ್ನ ಕಾಲು ಓದವ್ರೆ. ಒಂದಿನ ನೋಡ್ಬೇಕು ಕಣೇ ಅವರನ್ನ."

ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಮೊದಲು ಇಡೀ ದೇಹದ ಸ್ಕ್ಯಾನ್ ಮಾಡಿದರು. ಶ್ವಾಸಕೋಶ, ಯಕೃತ್ತು, ಮೂಳೆ ಎಲ್ಲ ನೋಡಿ, ಪಾದ ಮತ್ತು ತೊಡೆಸಂದಿ ಬಿಟ್ಟರೆ ಬೇರೆ ಎಲ್ಲಿಯೂ ಇಲ್ಲ ಎಂದರು. ಕ್ಯಾನ್ಸರ್ ಹರಡಿದೆ ಎಂದು ಬರೆದಿರುವ ಕಾಗದವನ್ನು ಹಿಡಿದುಕೊಂಡು ಅಪ್ಪ, ಅವ್ವ, ನಾನು ಮೂವರೂ ಆಸ್ಪತ್ರೆಯ ಮೆಟ್ಟಿಲ ಮೇಲೆ ನಗುತ್ತಿದ್ದೆವು. ಅಷ್ಟಕ್ಕೇ ನಿಂತಿದೆಯಲ್ಲ ಎಂಬ ನಗು ಅದು.

ಶಸ್ತ್ರಚಿಕಿತ್ಸೆ ಮಾಡುವ ಡಾಕ್ಟರು ಅರುಣ್‌ಕುಮಾರ್ ನೇರ ಮಾತಿನವರು.

"ಸ್ತನದ ಕ್ಯಾನ್ಸರಿಗೆ ಸಾವಿರಾರು ಜನರ ಮೇಲೆ ನಡೆದ ಅಧ್ಯಯನಗಳಿವೆ. ಇದಕ್ಕೆ ಹಾಗೆ ಬರೆದಿಟ್ಟ ದಾರಿ ಇಲ್ಲ. ಅದಕ್ಕೇ ಎಂಟು ಜನ ಡಾಕ್ಟರು ಕೂತು ನಿಮ್ಮ ವಿಷಯ ಮಾತಾಡಿದ್ದೀವಿ. ಪಾದದ ಗಂಟನ್ನ ಸುತ್ತಲಿನ ಒಳ್ಳೆ ಚರ್ಮದ ಸಮೇತ ಅಗಲವಾಗಿ ತೆಗೀತೀವಿ. ಅಲ್ಲಿಗೆ ಬಲತೊಡೆಯ ಚರ್ಮ ತಂದು ಹಾಕ್ತೀವಿ. ತೊಡೆಸಂದಿಯ ಗ್ರಂಥಿಗಳನ್ನ ಪೂರ್ತಿ ತೆಗೀತೀವಿ. ಆಮೇಲೆ ರೇಡಿಯೇಷನ್. ಕೀಮೋ ಇದಕ್ಕೆ ಎಷ್ಟು ಕೆಲಸ ಮಾಡುತ್ತೆ ಅಂತ ಖಾತ್ರಿ ಇಲ್ಲ, ಹಾಗಾಗಿ ಈಗ ಕೊಡಲ್ಲ. ಮತ್ತೆ ಬರಲ್ಲ ಅಂತ ನಾನು ಮಾತು ಕೊಡಲಾರೆ. ಕೈಲಾದ್ದನ್ನೆಲ್ಲ ಮಾಡ್ತೀವಿ ಅಂತ ಮಾತ್ರ ಕೊಡಬಲ್ಲೆ."

"ಅಷ್ಟು ಸಾಕು ಬುಡಿ" ಅಂದಳು ಅವ್ವ. "ನಡೆಯಾಕಾಯ್ತದಾ ಆಮೇಲೆ?"

"ನಡೀತೀರಿ. ಕಾಲು ಊದಿಕೊಳ್ಳುತ್ತೆ, ಅದನ್ನ ಜೀವನಪೂರ್ತಿ ನೋಡ್ಕೋಬೇಕು."

ಆಪರೇಷನ್ನಿನ ಬೆಳಿಗ್ಗೆ ಹಸಿರು ಗೌನು ತೊಟ್ಟು ಅವ್ವ ಮಂಚದ ಮೇಲೆ ಎದ್ದು ಕೂತಳು. ಮನೆಯಲ್ಲಿ ಬುದ್ಧನ ಪಟದ ಮುಂದೆ ಹೇಳುವಂತೆಯೇ ಮೂರು ಶರಣಗಳನ್ನು ಮೆಲ್ಲಗೆ ಹೇಳಿಕೊಂಡಳು. ಮುಗಿದ ಮೇಲೆ ಗಾಲಿಮಂಚ ತಳ್ಳಲು ಬಂದಿದ್ದ ನರ್ಸನ್ನು ನೋಡಿ, "ನಾಷ್ಟ ಆಯ್ತೇನವ್ವ ನಿಂದು?" ಎಂದು ಕೇಳಿದಳು. ಆ ಹುಡುಗಿ ಇಲ್ಲ ಎಂದಳು. "ಮತ್ತೆ? ನನ್ನ ಒಳಗೆ ಬುಟ್ಟು ಮೊದ್ಲು ಏನಾರ ತಿನ್ನು" ಎಂದು ಹೇಳುತ್ತಲೇ ಅವ್ವ ಬಾಗಿಲಾಚೆ ಹೋದಳು.

ಐದು ಗಂಟೆ ಹಿಡಿಯಿತು. ಅಪ್ಪ ಕುರ್ಚಿಯಲ್ಲಿ ಒಂದು ನಿಮಿಷವೂ ಕೂರಲಿಲ್ಲ, ಕಾರಿಡಾರಿನ ಈ ತುದಿಯಿಂದ ಆ ತುದಿಗೆ ನಡೆಯುತ್ತಲೇ ಇದ್ದರು. ಕೊನೆಗೆ ಅರುಣ್‌ಕುಮಾರ್ ಹೊರಗೆ ಬಂದು, ಅಂದುಕೊಂಡಂತೆಯೇ ಆಯಿತು ಎಂದಾಗ ಅಪ್ಪ ಅವರ ಎರಡೂ ಕೈ ಹಿಡಿದುಕೊಂಡರು. ಡಾಕ್ಟರೂ ಕೈ ಬಿಡಿಸಿಕೊಳ್ಳದೆ ಹಾಗೆಯೇ ನಿಂತರು. ತೆಗೆದ ಹನ್ನೊಂದು ಗ್ರಂಥಿಗಳಲ್ಲಿ ರೋಗವಿದ್ದದ್ದು ಎರಡರಲ್ಲಿ ಮಾತ್ರ ಎಂದು ಹತ್ತು ದಿನದ ಮೇಲೆ ತಿಳಿಯಿತು. ಪಾದದ ಸುತ್ತಲಿನ ಅಂಚಿನಲ್ಲಿ ಏನೂ ಉಳಿದಿರಲಿಲ್ಲ.

ಸುಲಭವಾಗಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. ಕಸಿ ಮಾಡಿದ ಚರ್ಮದ ಒಂದು ಮೂಲೆ ಕಪ್ಪಾಗಿ, ಅದು ಮಾಯಲು ಏಳು ವಾರ ಬೇಕಾಯಿತು. ರೇಡಿಯೇಷನ್ನಿನ ಇಪ್ಪತ್ತೈದು ದಿನ ಅವ್ವ ಆಸ್ಪತ್ರೆಯ ಹತ್ತಿರದ ಧರ್ಮಶಾಲೆಯಲ್ಲಿದ್ದಳು. ತೊಡೆಸಂದಿ ಸುಟ್ಟಂತಾಗಿ ಸೀರೆ ತಾಗಿದರೂ ಚೀರುತ್ತಿದ್ದಳು. ಒಂದು ದಿನ ನನ್ನ ಮೇಲೆ ರೇಗಿ, "ಸಾಕು, ಊರಿಗೆ ಕರ್ಕೊಂಡೋಗು, ಸಾಯಾದಾದ್ರೆ ಅಲ್ಲೇ ಸಾಯ್ತೀನಿ" ಎಂದು ಅತ್ತಳು. ನಾನೂ ಅತ್ತೆ. ಸಾಯಂಕಾಲ ಅವಳೇ ಬಂದು, "ಇನ್ನು ಒಂಬತ್ತು ದಿನ ತಾನೇ, ಆಗೋಗ್ಲಿ" ಅಂದಳು.

ಊರಿಗೆ ಬಂದ ಮೇಲೆ ಕಾಲಿನ ಊತಕ್ಕೆ ದಿನಾ ಬೆಳಿಗ್ಗೆ ಪಾದದಿಂದ ತೊಡೆಯವರೆಗೆ ಬಿಗಿಯಾಗಿ ಪಟ್ಟಿ ಸುತ್ತಬೇಕಿತ್ತು. ಆಸ್ಪತ್ರೆಯಲ್ಲಿ ಅದನ್ನು ನನಗೆ ಕಲಿಸಿದ್ದರು. ಆದರೆ ನಾನು ಅರಸೀಕೆರೆಗೆ ಹಿಂದಿರುಗಬೇಕಲ್ಲ? ಅಪ್ಪ ಬಂದು ನೆಲದ ಮೇಲೆ ಕೂತು, "ಕೊಡಿಲ್ಲಿ" ಎಂದರು. ಮೊದಲ ದಿನ ಪಟ್ಟಿ ಮೊಣಕಾಲಿಗೆ ಬರುವಷ್ಟರಲ್ಲೇ ಜಾರಿಬಿತ್ತು. ನಾಲ್ಕನೆಯ ದಿನಕ್ಕೆ ಒಂದರ ಮೇಲೊಂದು ಅರ್ಧರ್ಧ ಕೂರುವಂತೆ ಎಷ್ಟು ಅಚ್ಚುಕಟ್ಟಾಗಿ ಸುತ್ತಿದರೆಂದರೆ ಅವ್ವ ಕಾಲು ತಿರುಗಿಸಿ ತಿರುಗಿಸಿ ನೋಡಿದಳು.

"ನಲವತ್ತು ವರ್ಸ ವೈರು ಸುತ್ತಿದ್ದು ಈಗ ಕೆಲಸಕ್ಕೆ ಬಂತು ನೋಡು" ಅಂದಳು.

"ಕರೆಂಟು ಹೊಡೀದಂಗೆ ಕೂತ್ಕೋ" ಅಂದರು ಅಪ್ಪ.

ಜೂನ್ ತಿಂಗಳಲ್ಲಿ ಅವ್ವ ಮತ್ತೆ ಶಾಲೆಗೆ ಹೋದಳು. ಹೆಡ್‌ಮಾಸ್ಟರ್ ನಂಜುಂಡಯ್ಯನವರು ಅವಳು ಕೂತು ತರಕಾರಿ ಹೆಚ್ಚಲೆಂದು ಎತ್ತರದ ಮೇಜು, ಕುರ್ಚಿ ಹಾಕಿಸಿದ್ದರು. ಕಾಲು ಚಾಚಿಕೊಳ್ಳಲು ಇನ್ನೊಂದು ಸ್ಟೂಲು. ಭಾರದ ಪಾತ್ರೆಗಳನ್ನು ವಿಶಾಲಮ್ಮ ಅವ್ವನಿಗೆ ಮುಟ್ಟಲೂ ಬಿಡಲಿಲ್ಲ. ಅವ್ವ ಕೂತಲ್ಲಿಂದಲೇ ಉಪ್ಪು, ಹುಳಿ ಹೇಳುತ್ತಿದ್ದಳು.

ಒಂದು ವರ್ಷದ ಸ್ಕ್ಯಾನಿನಲ್ಲಿ ಏನೂ ಇಲ್ಲ ಎಂದು ಬಂದ ವಾರವೇ ಅವ್ವ ಕೊಬ್ಬರಿ ಮಿಠಾಯಿ ಮಾಡಿ ಡಬ್ಬಿಗೆ ತುಂಬಿದಳು. "ನಡಿ ಹಾಸನಕ್ಕೆ" ಅಂದಳು.

ಲ್ಯಾಬು ಕಟ್ಟಡದ ಹಿಂಭಾಗದಲ್ಲಿ, ಉದ್ದನೆಯ ಕಾರಿಡಾರಿನ ತುದಿಯಲ್ಲಿತ್ತು. ಬಾಗಿಲಲ್ಲಿದ್ದವನು ನಮ್ಮನ್ನು ತಡೆದ. "ರಿಪೋರ್ಟು ಕೊಡೋದು ಮುಂದುಗಡೆ ಕೌಂಟರಲ್ಲಿ. ಪೇಷಂಟ್ಸ್ ಇಲ್ಲಿಗೆ ಬರಂಗಿಲ್ಲ."

"ರಿಪೋರ್ಟಿಗಲ್ಲ ಕಣಪ್ಪ, ಡಾಕ್ಟ್ರಿಗೆ ಬಂದಿದೀನಿ. ಸೌಂದರ್ಯಮ್ಮ ಅಂತ."

ಸ್ವಲ್ಪ ಹೊತ್ತಿಗೆ ಮೂವತ್ತೈದರ ಆಸುಪಾಸಿನ ಹೆಂಗಸೊಬ್ಬರು ಕೈಗವಸು ಕಳಚುತ್ತ ಹೊರಗೆ ಬಂದರು. ಮುಖದಲ್ಲಿ ಆತಂಕ. "ಏನಾಯ್ತು? ರಿಪೋರ್ಟಲ್ಲಿ ಏನಾದ್ರೂ ತಪ್ಪಾಗಿದೆಯಾ?"

"ತಪ್ಪೇನಿಲ್ಲ ಕಣವ್ವ. ನಾನು ಸಣ್ಣತಾಯಮ್ಮ. ಮಾದಿಹಳ್ಳಿ. ಎಡಗಾಲು."

ಅವರಿಗೆ ಮೊದಲು ಅರ್ಥವಾಗಲಿಲ್ಲ. ನಾನು ಹಳೆಯ ರಿಪೋರ್ಟು ತೋರಿಸಿದೆ. ಅದನ್ನು ಓದುತ್ತಿದ್ದಂತೆ ಅವರ ಮುಖ ಬದಲಾಯಿತು. ಒಮ್ಮೆ ಹಾಳೆಯನ್ನು, ಒಮ್ಮೆ ಅವ್ವನನ್ನು ನೋಡಿದರು. "ನೀವಾ ಇದು!" ಎಂದರು. "ಹೇಗಿದೀರಿ?"

"ನಡ್ಕೊಂಡು ಬಂದಿದೀನಲ್ಲ, ನೋಡಿ."

ಒಳಗೆ ಕರೆದುಕೊಂಡು ಹೋಗಿ ಕೂರಿಸಿದರು. ಬೀರುವಿನಿಂದ ಹುಡುಕಿ ಗಾಜಿನ ಸ್ಲೈಡೊಂದನ್ನು ತಂದು ಮೈಕ್ರೋಸ್ಕೋಪಿನಡಿ ಇಟ್ಟರು. ಅವ್ವ ಕನ್ನಡಕ ತೆಗೆದು ಬಗ್ಗಿ ನೋಡಿದಳು. ನಾನೂ ನೋಡಿದೆ. ಗುಲಾಬಿ ಬಣ್ಣದ ನಡುವೆ ನೇರಳೆ ಚುಕ್ಕೆಗಳ ರಾಶಿ.

"ಮೊದಲ ಸಲ ನೋಡಿದಾಗ ಚರ್ಮದ ಸಾಮಾನ್ಯ ಕ್ಯಾನ್ಸರ್ ಅಂದ್ಕೊಂಡೆ" ಎಂದರು ಸೌಂದರ್ಯ. "ರಿಪೋರ್ಟ್ ಟೈಪಾಗಿತ್ತು, ಸಹಿ ಮಾಡೋಕೆ ಪೆನ್ನು ತೆಗೆದಿದ್ದೆ. ಆದ್ರೆ ಒಂದು ಕಡೆ ಉಂಗುರದ ಥರ ಏನೋ ಕಂಡಿತ್ತಲ್ಲ ಅಂತ ಮನಸ್ಸಲ್ಲಿ ಕೊರೀತಾ ಇತ್ತು. ಮತ್ತೆ ಸ್ಲೈಡ್ ಹಾಕಿ ಹುಡುಕಿದೆ. ಇಲ್ಲಿ, ಈ ಮೂಲೇಲಿ ನೋಡಿ. ಬೆವರಿನ ಕೊಳವೆ ಆಗೋಕೆ ಹೊರಟ ಜೀವಕೋಶಗಳು. ಆ ಥರದ್ದಾದ್ರೆ ತೊಡೆಸಂದಿಗೆ ಬೇಗ ಹೋಗುತ್ತೆ, ಅದಕ್ಕೇ ಅಲ್ಲಿಂದಲೂ ಕಳಿಸಿ ಅಂದೆ."

"ಇಷ್ಟು ಚಿಕ್ಕದಾ!" ಅಂದಳು ಅವ್ವ. "ಇದು ಕಾಣಲಿ ಅಂತ ಎಷ್ಟೊತ್ತು ಕೂತಿದ್ರಿ?"

"ಗೊತ್ತಿಲ್ಲಮ್ಮ. ನೆನಪಿಲ್ಲ."

ಅವ್ವ ಮಿಠಾಯಿ ಡಬ್ಬಿಯನ್ನು ಅವರ ಮೇಜಿನ ಮೇಲಿಟ್ಟಳು. ಎದ್ದು ನಿಂತು, ತನಗಿಂತ ಇಪ್ಪತ್ತು ವರ್ಷ ಚಿಕ್ಕವರಾದ ಅವರಿಗೆ ಎರಡೂ ಕೈ ಜೋಡಿಸಿದಳು. "ಸಹಿ ಮಾಡಿ ಎದ್ದೋಗಿದ್ರೆ ಯಾರು ಕೇಳ್ತಿದ್ರು ನಿಮ್ಮನ್ನ? ಆದ್ರೂ ಕೂತ್ರಲ್ಲ ತಾಯಿ."

ಸೌಂದರ್ಯ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡರು. "ಏಳು ವರ್ಷದಿಂದ ಈ ಕೆಲಸ ಮಾಡ್ತಿದೀನಿ. ನನ್ನನ್ನ ನೋಡೋಕೆ ಅಂತ ಬಂದ ಮೊದಲ ಪೇಷಂಟ್ ನೀವೇ." ಆಮೇಲೆ ಸ್ವಲ್ಪ ಹಿಂಜರಿಯುತ್ತ ಕೇಳಿದರು: "ನಿಮ್ಮ ಸ್ಲೈಡನ್ನ ವಿದ್ಯಾರ್ಥಿಗಳಿಗೆ ತೋರಿಸಲಾ? ಹೆಸರು ಹೇಳಲ್ಲ."

"ತೋರ್ಸಿ. ಹೆಸರೂ ಬೇಕಾದ್ರೆ ಹೇಳಿ. ನನ್ನ ಕಾಲು ನಾಕು ಮಕ್ಕಳಿಗೆ ಪಾಠ ಹೇಳ್ತದೆ ಅಂದ್ರೆ ನಂಗೇನು ಕಷ್ಟ?"

ಇದೆಲ್ಲ ನಡೆದು ಎರಡು ವರ್ಷವಾಗಿತ್ತು. ಕಳೆದ ಫೆಬ್ರವರಿಯಲ್ಲಿ ಸೌಂದರ್ಯ ಅವರಿಂದ ಫೋನ್ ಬಂತು. ಅರೇಹಳ್ಳಿ ಕಡೆಯ ಕಾಫಿ ತೋಟದಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಆಗಿರುವ ಹೊನ್ನಯ್ಯ ಎಂಬವರಿಗೆ ನೆತ್ತಿಯ ಮೇಲೆ ಗಂಟಾಗಿತ್ತು. ಅದನ್ನು ನೋಡಿದ ಕಿರಿಯ ವೈದ್ಯೆ ಹಿಂದೆ ಹಾಸನದಲ್ಲಿ ಸೌಂದರ್ಯ ಅವರ ಬಳಿ ಕಲಿತವಳು. ಅವ್ವನ ಸ್ಲೈಡು ನೋಡಿದ್ದ ನೆನಪಿನಿಂದ ಅನುಮಾನಪಟ್ಟು ಮೊದಲ ಸಲವೇ ತುಂಡು ಕಳಿಸಿದ್ದಳು. ಅದೇ ಕಾಯಿಲೆ. ಆದರೆ ಹೊನ್ನಯ್ಯ ಬೆಂಗಳೂರಿಗೆ ಹೋಗಲು ಒಪ್ಪುತ್ತಿಲ್ಲ. ಇದೇ ರೋಗವಾಗಿ ಬದುಕಿದವರನ್ನು ಯಾರನ್ನಾದರೂ ತೋರಿಸಿ, ಆಮೇಲೆ ನೋಡೋಣ ಎಂದು ಹಟ ಹಿಡಿದಿದ್ದಾರೆ. "ಅವರ ಒಪ್ಪಿಗೆ ಕೇಳಿಯೇ ಫೋನ್ ಮಾಡ್ತಿದೀನಿ. ನಿಮ್ಮ ತಾಯಿ ಮಾತಾಡ್ತಾರಾ?"

"ಫೋನಲ್ಲಿ ಎಂತ ಮಾತು?" ಅಂದಳು ಅವ್ವ. "ನಾನೇ ಹೋಗ್ಬತ್ತೀನಿ."

ಭಾನುವಾರ ಬೇಲೂರಿಗೆ ಹೋಗಿ ಅರೇಹಳ್ಳಿ ಬಸ್ಸು ಹಿಡಿದೆವು. ಹೊನ್ನಯ್ಯ ತಲೆಗೆ ಟವೆಲ್ ಸುತ್ತಿಕೊಂಡು ಜಗಲಿಯಲ್ಲಿ ಕೂತಿದ್ದರು. ಐವತ್ತೈದರ ಗಟ್ಟಿ ಆಳು. ನಮ್ಮನ್ನು ಕಂಡು ಎದ್ದು ನಿಂತರು. ಅವ್ವ ಎದುರಿಗೆ ಕೂತಳು. ಕಾಲಿನ ಪಟ್ಟಿಯನ್ನು ನಿಧಾನವಾಗಿ ಬಿಚ್ಚಿ, ಪಾದವನ್ನು ಮುಂದಕ್ಕೆ ಚಾಚಿದಳು. ತೊಡೆಯ ಚರ್ಮ ಕೂರಿಸಿದ ಜಾಗ ಬೇರೆ ಬಣ್ಣಕ್ಕೆ ತಿರುಗಿ, ಅಂಗೈಯಗಲ ತಗ್ಗಾಗಿತ್ತು. ಹೊನ್ನಯ್ಯ ಬಗ್ಗಿ ನೋಡಿದರು. ತುಂಬ ಹೊತ್ತು ನೋಡಿದರು.

"ನೋವಾಯ್ತಾ ಅಕ್ಕ?"

"ಆಯ್ತು. ಸುಳ್ಳು ಯಾಕೆ ಹೇಳ್ಲಿ? ಸಾಕು ಅನ್ನಂಗಾಯ್ತು. ಕಾಲು ಈಗಲೂ ಊದ್ಕತದೆ. ಆದ್ರೆ ಮೂರು ವರ್ಸ ಆಯ್ತು. ದಿನಾ ಮಕ್ಕಳಿಗೆ ಉಣ್ಣಾಕಿಕ್ತೀನಿ."

"ಮತ್ತೆ ಬತ್ತದೇನೋ ಅಂತ ಭಯ ಆಗಾಕಿಲ್ವಾ?"

"ಆಯ್ತದೆ. ಚೆಕಪ್ಪಿಗೆ ಹೋಗೋ ಹಿಂದಿನ ದಿನ ಊಟ ಸೇರಾಕಿಲ್ಲ. ಏನಿಲ್ಲ ಅಂದ ಮ್ಯಾಲೆ ಎರಡು ದಿನದ್ದು ಸೇರ್ಸಿ ತಿಂತೀನಿ."

ಹೊನ್ನಯ್ಯ ಮೊದಲ ಸಲ ನಕ್ಕರು. ಬಾಗಿಲ ಬಳಿ ನಿಂತಿದ್ದ ಅವರ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ನಿಂಗೆ ಮೊದಲ್ನೇ ಸಲವೇ ಗೊತ್ತಾಗೈತೆ" ಅಂದಳು ಅವ್ವ. "ನಂಗೆ ಆ ಪುಣ್ಯ ಇರ್ಲಿಲ್ಲ. ಕೂತು ಹಾಳು ಮಾಡ್ಕೋಬ್ಯಾಡ ಕಣಪ್ಪ."

ಹೊನ್ನಯ್ಯ ಮುಂದಿನ ವಾರ ಬೆಂಗಳೂರಿಗೆ ಹೋದರು. ರೋಗ ಕುತ್ತಿಗೆಯ ಗ್ರಂಥಿಗಳಿಗೆ ಇಳಿದಿರಲಿಲ್ಲ. ಆಪರೇಷನ್ ಒಂದರಲ್ಲೇ ಮುಗಿಯಿತು, ರೇಡಿಯೇಷನ್ ಬೇಕಾಗಲಿಲ್ಲ. ಮನೆಗೆ ಬಂದ ದಿನ ಅವರ ಹೆಂಡತಿ ಅವ್ವನಿಗೆ ಫೋನ್ ಮಾಡಿದರು. ನಾನು ಆ ದಿನ ಊರಿನಲ್ಲೇ ಇದ್ದೆ. ಅಪ್ಪ ನೆಲದ ಮೇಲೆ ಕೂತು ಅವ್ವನ ಕಾಲಿಗೆ ಪಟ್ಟಿ ಸುತ್ತುತ್ತಿದ್ದರು. ಅವ್ವ ಫೋನನ್ನು ಕಿವಿಗೆ ಒತ್ತಿಕೊಂಡು ಹೂಂ, ಹೂಂ ಎನ್ನುತ್ತಿದ್ದವಳು, "ತಡಿ ತಾಯಿ, ಇದನ್ನ ನಮ್ಮೆಜಮಾನ್ರಿಗೂ ಹೇಳು" ಎಂದು ಫೋನನ್ನು ಅಪ್ಪನ ಕಿವಿಗೆ ಹಿಡಿದಳು.